ಸಣ್ಣ ಕಡಲೂರಿನಲ್ಲಿ ನಾಲ್ಕು ದಿನ ಮಾಡುವುದಾದರೂ ಏನು?

ಪಯಣಿಗ

ಬರುವ ಅಮಾವಾಸ್ಯೆಯ ಮರುದಿನದಿಂದ ನಾಲ್ಕು ದಿನ ನಾವು ಒಂದು ಸಣ್ಣ ಕಡಲೂರಿನಲ್ಲಿ ಉಳಿಯಲಿದ್ದೇವೆ. ಅಲ್ಲಿರುವುದು ಒಂದು ಉದ್ದನೆಯ ಮರಳಿನ ತೀರ, ಅದರ ಒಂದು ತುದಿಯಲ್ಲಿ ಬಂಡೆಗಳ ಸಾಲು, ಇನ್ನೊಂದು ತುದಿಯಲ್ಲಿ ನದಿಯ ಅಳಿವೆ, ಮೀನುಗಾರರ ದಕ್ಕೆ ಮತ್ತು ಗುಡ್ಡದ ಮೇಲೊಂದು ದೀಪಸ್ತಂಭ. ಪ್ರವಾಸದ ಪಟ್ಟಿಗಳೆಲ್ಲ ಇಷ್ಟನ್ನೂ ಅರ್ಧ ದಿನದಲ್ಲಿ ಮುಗಿಸಿ ಮುಂದಿನ ದೊಡ್ಡ ಪಟ್ಟಣಕ್ಕೆ ಹೊರಡಿ ಎನ್ನುತ್ತವೆ. ನಮಗೆ ಹಾಗೆ ಓಡುವ ಮನಸ್ಸಿಲ್ಲ. ಜೊತೆಗೆ 8 ಮತ್ತು 11 ವರ್ಷದ ಇಬ್ಬರು ಮಕ್ಕಳು, ಮೊಣಕಾಲು ನೋವಿರುವ ತಂದೆ ಇರುತ್ತಾರೆ, ಮತ್ತು ನಮ್ಮಲ್ಲಿ ಯಾರಿಗೂ ಚೆನ್ನಾಗಿ ಈಜಲು ಬರುವುದಿಲ್ಲ. ನಾಲ್ಕು ದಿನಗಳನ್ನು ಅದೇ ಊರಿನಲ್ಲಿ ತೃಪ್ತಿಯಿಂದ ಕಳೆಯುವುದು ಹೇಗೆಂದು ಬಲ್ಲವರು ತಿಳಿಸಬೇಕೆಂದು ಕೋರುತ್ತೇನೆ.

ಭರತ ಇಳಿತ

ನೋಡತಕ್ಕ ಸ್ಥಳಗಳ ಪಟ್ಟಿಯನ್ನು ಬದಿಗಿಟ್ಟು ಆ ಊರಿನ ಭರತ ಇಳಿತಗಳ ವೇಳಾಪಟ್ಟಿಯನ್ನು ಕೈಗೆ ತೆಗೆದುಕೊಳ್ಳಿ ಎಂಬುದೇ ನನ್ನ ಮೊದಲ ಸಲಹೆ. ನಿಮಗೆ ಒಂದೇ ತೀರ ಎಂದು ಕಾಣುತ್ತಿರುವುದು ದಿನದಲ್ಲಿ ಎರಡು ಬಾರಿ ಬೇರೆಯೇ ಸ್ಥಳವಾಗಿ ಮಾರ್ಪಡುತ್ತದೆ. ಬಹುಪಾಲು ಕರಾವಳಿಗಳಲ್ಲಿ ಒಂದು ಭರತದಿಂದ ಮುಂದಿನ ಭರತಕ್ಕೆ ಸುಮಾರು 12 ಗಂಟೆ 25 ನಿಮಿಷಗಳ ಅಂತರವಿರುತ್ತದೆ. ಆದ್ದರಿಂದ ಇಂದು ಬೆಳಿಗ್ಗೆ 7ಕ್ಕೆ ಇಳಿತವಿದ್ದರೆ ನಾಳೆ ಅದು 8ರ ಸಮೀಪಕ್ಕೆ ಸರಿಯುತ್ತದೆ. ದಿನಕ್ಕೆ ಒಂದೇ ಭರತ ಬರುವ ಕಡಲುಗಳೂ ಇವೆ, ನೀರು ಗೇಣುದ್ದವೂ ಏರದ ಒಳಗಡಲುಗಳೂ ಇವೆ, ಕೆನಡಾದ ಫಂಡಿ ಕೊಲ್ಲಿಯಂತೆ 16 ಮೀಟರ್‌ವರೆಗೆ ಏರಿಳಿಯುವ ಜಾಗವೂ ಇದೆ. ಹೀಗಾಗಿ ನಿಮ್ಮ ಊರಿನದೇ ಪಟ್ಟಿಯನ್ನು ನೋಡಬೇಕು. ನೂರು ಕಿಲೋಮೀಟರ್ ಆಚೆಯ ಬಂದರಿನ ಪಟ್ಟಿ ಕೆಲಸಕ್ಕೆ ಬರುವುದಿಲ್ಲ.

ನೀವು ಆರಿಸಿಕೊಂಡಿರುವ ದಿನಗಳು ಬಹಳ ಒಳ್ಳೆಯವು. ಅಮಾವಾಸ್ಯೆ ಮತ್ತು ಹುಣ್ಣಿಮೆಗಳಲ್ಲಿ ಸೂರ್ಯ ಚಂದ್ರರ ಸೆಳೆತ ಒಂದೇ ಸಾಲಿನಲ್ಲಿ ಕೂಡಿಕೊಳ್ಳುವುದರಿಂದ ಭರತ ಹೆಚ್ಚು ಮೇಲೇರುತ್ತದೆ, ಇಳಿತ ಹೆಚ್ಚು ಕೆಳಗಿಳಿಯುತ್ತದೆ, ಮತ್ತು ಈ ದೊಡ್ಡ ಏರಿಳಿತ ಸಾಮಾನ್ಯವಾಗಿ ತಿಥಿ ಕಳೆದ ಒಂದೆರಡು ದಿನಗಳ ಮೇಲೆ ತನ್ನ ತುದಿಯನ್ನು ಮುಟ್ಟುತ್ತದೆ. ಅಷ್ಟಮಿಯ ಆಸುಪಾಸಿನಲ್ಲಿ ಹೋದವರಿಗೆ ಕಾಣಸಿಗದ ಬಂಡೆಗಳು ನಿಮಗೆ ಕಾಣುತ್ತವೆ. ಇನ್ನೊಂದು ವಿಶೇಷವೆಂದರೆ, ಒಂದೇ ಊರಿನಲ್ಲಿ ಈ ದೊಡ್ಡ ಇಳಿತಗಳು ಪ್ರತಿ ಪಕ್ಷವೂ ಹೆಚ್ಚುಕಡಿಮೆ ದಿನದ ಅದೇ ಹೊತ್ತಿಗೆ ಬರುತ್ತವೆ. ಆದಕಾರಣ ಕಡಲ ದಡದಲ್ಲಿ ಬಾಳಿದ ಹಿರಿಯರು ತಿಥಿಯನ್ನು ಕೇಳಿದ ಕೂಡಲೇ ನೀರು ಯಾವಾಗ ಇಳಿಯುತ್ತದೆಂದು ಹೇಳಬಲ್ಲರು.

ಒಂದು ಎಚ್ಚರಿಕೆಯನ್ನು ಇಲ್ಲಿಯೇ ಹೇಳಿಬಿಡುತ್ತೇನೆ. ನೀರು ಒಂದೇ ಸಮನೆ ಏರುವುದಿಲ್ಲ. ಆರು ಗಂಟೆಗಳ ಏರಿಕೆಯನ್ನು ಹನ್ನೆರಡು ಪಾಲು ಮಾಡಿದರೆ ಮೊದಲ ಗಂಟೆಯಲ್ಲಿ ಒಂದು ಪಾಲು, ಎರಡನೆಯದರಲ್ಲಿ ಎರಡು, ಮೂರು ಮತ್ತು ನಾಲ್ಕನೆಯ ಗಂಟೆಗಳಲ್ಲಿ ಮೂರು ಮೂರು ಪಾಲು ಏರಿ, ಬಳಿಕ ಅದೇ ರೀತಿಯಲ್ಲಿ ನಿಧಾನವಾಗುತ್ತದೆಂಬುದು ನಾವಿಕರ ಹಳೆಯ ಲೆಕ್ಕ. ಮೊದಲ ಗಂಟೆಯ ನಿಧಾನವನ್ನು ನಂಬಿ ಬಂಡೆಯ ತುದಿಯಲ್ಲಿ ಕುಳಿತವರ ಹಿಂದಿನ ದಾರಿ ಮುಳುಗುವುದು ಮೂರನೆಯ ಗಂಟೆಯಲ್ಲಿಯೇ. ಪೂರ್ಣ ಇಳಿತಕ್ಕೆ ಒಂದು ಗಂಟೆ ಮೊದಲು ಹೊರಟು, ನೀರು ತಿರುಗಿದ್ದು ಕಂಡೊಡನೆ ಹಿಂತಿರುಗಿ ನಡೆಯಿರಿ.

ಬಂಡೆಯಂಚು

ಮೇಲಿನ ಮಾತನ್ನೇ ಮುಂದುವರಿಸುತ್ತೇನೆ. ಮಕ್ಕಳಿರುವ ಕುಟುಂಬಕ್ಕೆ ಇಳಿತದ ಹೊತ್ತಿನ ಬಂಡೆಗಳಿಗಿಂತ ಮಿಗಿಲಾದ ಜಾಗ ಕಡಲೂರಿನಲ್ಲಿ ಇನ್ನೊಂದಿಲ್ಲ. ನೀರು ಹಿಂದೆ ಸರಿದಾಗ ಬಂಡೆಯ ಕುಳಿಗಳಲ್ಲಿ ಉಳಿಯುವ ಸಣ್ಣ ಕೊಳಗಳ ಬಳಿ ನೆರಳು ಬೀಳದಂತೆ ಕುಕ್ಕರುಗಾಲಿನಲ್ಲಿ ಕುಳಿತು ಸ್ವಲ್ಪ ಹೊತ್ತು ಅಲುಗಾಡದೆ ನೋಡಬೇಕು. ಮೊದಲು ಏನೂ ಇಲ್ಲವೆನಿಸಿದ ನೀರಿನಲ್ಲಿ ಒಂದೊಂದಾಗಿ ಸೀಗಡಿ, ಚಿಪ್ಪು ಹೊತ್ತು ನಡೆಯುವ ಸನ್ಯಾಸಿ ಏಡಿ, ಬಂಡೆಯ ಬಣ್ಣವನ್ನೇ ಮೈಗೆ ತಳೆದ ಪುಟ್ಟ ಮೀನುಗಳು ಕದಲತೊಡಗುತ್ತವೆ.

ಬಂಡೆಯನ್ನು ಮೇಲಿನಿಂದ ಕೆಳಗೆ ಓದುವುದನ್ನು ಮಕ್ಕಳಿಗೆ ಕಲಿಸಿ. ದಿನದ ಬಹುಪಾಲು ಒಣಗಿರುವುದನ್ನು ತಾಳಬಲ್ಲ ಜೀವಿಗಳು ಮೇಲಿನ ಪಟ್ಟಿಯಲ್ಲಿಯೂ, ತಾಳಲಾರದವು ಕೆಳಗಿನ ಪಟ್ಟಿಗಳಲ್ಲಿಯೂ ಬಾಳುತ್ತವೆ. ಬಂಡೆಗೆ ಬಿಳಿಯ ಹುರುಪೆಯಂತೆ ಅಂಟಿಕೊಂಡ ಬಾರ್ನಕಲ್‌ಗಳು ಚಿಪ್ಪುಮೀನಿನ ಜಾತಿಯವಲ್ಲ, ಏಡಿ ಸೀಗಡಿಗಳ ಬಳಗದವು. ತಲೆಯನ್ನು ಬಂಡೆಗೆ ಅಂಟಿಸಿಕೊಂಡು ಕಾಲುಗಳಿಂದ ನೀರನ್ನು ಸೋಸಿ ಆಹಾರವನ್ನು ಒಳಗೆಳೆದುಕೊಳ್ಳುತ್ತವೆ. ಟೋಪಿಯ ಆಕಾರದ ಲಿಂಪೆಟ್‌ಗಳಲ್ಲಿ ಅನೇಕ ಜಾತಿಗಳು ನೀರಿದ್ದಾಗ ಪಾಚಿ ಮೇಯುತ್ತ ಅಲೆದು, ಬಳಿಕ ತಮ್ಮ ಚಿಪ್ಪಿನ ಅಂಚಿಗೆ ಸರಿಯಾಗಿ ಸವೆದ ಅದೇ ಗುರುತಿಗೆ ಮರಳಿ ಬಂದು ಕೂರುತ್ತವೆ.

ಹಿಡಿತವಿರುವ ಚಪ್ಪಲಿಯನ್ನೋ ಬೂಟನ್ನೋ ಹಾಕಿಕೊಳ್ಳದೆ ಹಸಿರು ಪಾಚಿಯ ಮೇಲೆ ಕಾಲಿಡಬಾರದು. ಕಲ್ಲನ್ನು ಎತ್ತಿ ನೋಡಿದರೆ ಅದನ್ನು ಇದ್ದಂತೆಯೇ ಮಗುಚಿಡಬೇಕು, ಏಕೆಂದರೆ ಅಡಿಯಲ್ಲಿರುವ ಜೀವಗಳು ಬಿಸಿಲಿಗೆ ಸಾಯುತ್ತವೆ. ಬೆಚ್ಚಗಿನ ಕಡಲುಗಳಲ್ಲಿ ಶಂಕುವಿನಾಕಾರದ, ಚಂದದ ಚಿತ್ತಾರದ ಚಿಪ್ಪಿನೊಳಗೆ ವಿಷದ ಬಾಣವಿರುವ ಬಸವನಹುಳು ಬದುಕಿರಬಹುದು. ಅದರ ವಿಷಕ್ಕೆ ಪ್ರತಿವಿಷವಿಲ್ಲ. ಮಕ್ಕಳು ಕಣ್ಣಿನಿಂದ ನೋಡಲಿ, ಕೈ ಹಾಕುವುದು ಬೇಡ.

ತೀರ ಕಾವಲು

ಈಜು ಬಾರದವರೆಂದು ನೀವೇ ಹೇಳಿರುವುದರಿಂದ ಇದನ್ನು ಬರೆಯಲೇಬೇಕು. ಸಣ್ಣ ಊರುಗಳ ತೀರದಲ್ಲಿ ಅನೇಕ ವೇಳೆ ಜೀವರಕ್ಷಕರಿರುವುದಿಲ್ಲ, ಇದ್ದರೂ ಹಗಲಿನ ಕೆಲವು ಗಂಟೆಗಳಷ್ಟೇ ಇರುತ್ತಾರೆ. ಕೆಂಪು ಮತ್ತು ಹಳದಿ ಪಟ್ಟಿಯ ಎರಡು ಬಾವುಟಗಳನ್ನು ನೆಟ್ಟಿದ್ದರೆ ಅವುಗಳ ನಡುವಿನ ಭಾಗ ಮಾತ್ರ ಕಾವಲಿನಲ್ಲಿದೆ ಎಂದರ್ಥ. ಪೂರ್ತಿ ಕೆಂಪು ಬಾವುಟ ಕಂಡರೆ ಪಾದ ತೋಯಿಸುವುದೂ ಬೇಡ.

ಜನರನ್ನು ಹೆಚ್ಚಾಗಿ ಬಲಿ ತೆಗೆದುಕೊಳ್ಳುವುದು ದೊಡ್ಡ ಅಲೆಯಲ್ಲ, ದಡದಿಂದ ಕಡಲಿನತ್ತ ಹರಿಯುವ ಕಿರಿದಾದ ಸೆಳೆತ. ಅಲೆಗಳು ತಂದು ಸುರಿದ ನೀರು ಮರಳ ದಿಬ್ಬಗಳ ನಡುವಿನ ತಗ್ಗಿನ ಮೂಲಕ ಹಿಂದಕ್ಕೆ ಓಡುವಾಗ ಇದು ಉಂಟಾಗುತ್ತದೆ, ಮತ್ತು ಕೆಲವೊಮ್ಮೆ ಸೆಕೆಂಡಿಗೆ 2 ಮೀಟರ್‌ಗೂ ಮಿಕ್ಕಿದ ವೇಗವನ್ನು ತಲುಪುತ್ತದೆ. ನುರಿತ ಈಜುಗಾರನೂ ಅದಕ್ಕೆ ಎದುರಾಗಿ ಈಜಲಾರ. ಇದರ ಮೋಸವಿರುವುದು ಇದರ ರೂಪದಲ್ಲಿ. ಎರಡೂ ಬದಿಗಳಲ್ಲಿ ಬಿಳಿ ನೊರೆಯ ಅಲೆಗಳು ಒಡೆಯುತ್ತಿರುವಾಗ ನಡುವೆ ಅಲೆಯೇ ಇಲ್ಲದ, ತುಸು ಕಪ್ಪಾದ, ಶಾಂತವಾಗಿ ತೋರುವ ಪಟ್ಟಿಯೇ ಸೆಳೆತವಿರುವ ಜಾಗ, ಮತ್ತು ಹೊಸಬರು ಮಕ್ಕಳನ್ನು ಇಳಿಸುವುದು ಅಲ್ಲಿಯೇ. ಎತ್ತರದ ಜಾಗದಲ್ಲಿ ಹತ್ತು ನಿಮಿಷ ನಿಂತು ನೊರೆಯೂ ಕಸಕಡ್ಡಿಯೂ ಎಲ್ಲಿ ಹೊರಮುಖವಾಗಿ ಸಾಗುತ್ತಿವೆ ಎಂದು ಗಮನಿಸಿದರೆ ಅದು ಕಣ್ಣಿಗೆ ಬೀಳುತ್ತದೆ. ಸೆಳೆತ ಯಾರನ್ನೂ ತಳಕ್ಕೆ ಎಳೆಯುವುದಿಲ್ಲ, ದೂರಕ್ಕೆ ಒಯ್ಯುತ್ತದೆ. ಸಿಕ್ಕಿಕೊಂಡವರು ದಡದತ್ತ ಹೋರಾಡದೆ ತೇಲುತ್ತ, ಕೈಯೆತ್ತಿ ಕರೆದು, ಸಾಧ್ಯವಾದರೆ ದಡಕ್ಕೆ ಸಮಾನಾಂತರವಾಗಿ ಸರಿಯಬೇಕು. ನೋಡುತ್ತಿರುವವರು ತಾವೂ ಧುಮುಕದೆ ತೇಲುವ ವಸ್ತುವನ್ನೋ ಹಗ್ಗವನ್ನೋ ಎಸೆಯಬೇಕು.

ನಿಮ್ಮ ಮಕ್ಕಳಿಗೆ ಮೊಣಕಾಲ ನೀರು ಸಾಕು, ಅದೂ ಅಳಿವೆಯಿಂದ ದೂರದಲ್ಲಿ. ಅಳಿವೆಯ ಬಾಯಿಯಲ್ಲಿ ಇಳಿತದ ನೀರೂ ನದಿಯ ನೀರೂ ಒಟ್ಟಿಗೆ ಹೊರನುಗ್ಗುವುದರಿಂದ ಅಲ್ಲಿ ಇಳಿಯುವ ಮಾತೇ ಬೇಡ. ದಡಕ್ಕೆ ಬಿದ್ದ ಲೋಳೆಮೀನು ಸತ್ತಿದ್ದರೂ ಕುಟುಕಬಲ್ಲದು.

ಪಯಣಿಗ

ಇಷ್ಟು ವಿವರವಾಗಿ ಬರೆದ ಮೂವರಿಗೂ ಧನ್ಯವಾದಗಳು. ತಂದೆಯವರು ಬಂಡೆಗಳ ಮೇಲೆ ಬರಲಾರರು, ಸಡಿಲ ಮರಳಿನಲ್ಲಿ ಹತ್ತು ಹೆಜ್ಜೆ ಹಾಕುವುದೂ ಅವರಿಗೆ ಕಷ್ಟ. ಅವರು ದಿನವಿಡೀ ಕೋಣೆಯಲ್ಲಿ ಕೂರುವಂತಾಗಬಾರದೆಂಬುದು ನನ್ನ ದೊಡ್ಡ ಚಿಂತೆ.

ದಕ್ಕೆಯ ದಾರಿ

ನಿಮ್ಮ ತಂದೆಯವರಿಗೆ ಅತ್ಯಂತ ಒಗ್ಗುವ ಜಾಗ ದಕ್ಕೆ. ಅಲ್ಲಿ ನೆಲ ಗಟ್ಟಿಯಾಗಿರುತ್ತದೆ, ಕೂರಲು ಕಟ್ಟೆಯೊಂದು ಸಿಕ್ಕೇ ಸಿಗುತ್ತದೆ, ಮತ್ತು ನೋಡುವುದಕ್ಕೆ ಮನುಷ್ಯರ ದುಡಿಮೆಯಿದೆ. ದೋಣಿಗಳು ಹಿಂತಿರುಗುವ ಹೊತ್ತನ್ನು ಹಿಂದಿನ ದಿನವೇ ಅಲ್ಲಿನವರನ್ನು ಕೇಳಿ ತಿಳಿದುಕೊಳ್ಳಿ. ಅದು ಊರಿಂದೂರಿಗೆ, ಋತುವಿನಿಂದ ಋತುವಿಗೆ ಬದಲಾಗುತ್ತದೆ. ಮೀನು ಇಳಿಸುವುದು, ಜಾತಿವಾರು ವಿಂಗಡಿಸುವುದು, ಕೂಗಿ ಹರಾಜು ಹಾಕುವುದು ಎಲ್ಲವೂ ಒಂದೆರಡು ಗಂಟೆಗಳಲ್ಲಿ ಮುಗಿದುಹೋಗುವುದರಿಂದ ತಡವಾಗಿ ಬಂದವರಿಗೆ ತೊಳೆದ ನೆಲ ಮಾತ್ರ ಕಾಣುತ್ತದೆ. ಆ ಗಡಿಬಿಡಿ ತೀರಿದ ಮೇಲೆ ನೆರಳಿನಲ್ಲಿ ಕುಳಿತು ಬಲೆಯ ಹರುಕನ್ನು ಹೆಣೆಯುವವರು ಮಾತಿಗೆ ಸಿಗುತ್ತಾರೆ. ಹರಾಜಿನ ನಡುವೆ ಪ್ರಶ್ನೆ ಕೇಳುವುದು, ಒಪ್ಪಿಗೆಯಿಲ್ಲದೆ ಮುಖಕ್ಕೆ ಕ್ಯಾಮೆರಾ ಹಿಡಿಯುವುದು ಸಲ್ಲದು. ಅದು ಅವರ ಕೆಲಸದ ಸ್ಥಳ, ನಮಗಾಗಿ ಏರ್ಪಡಿಸಿದ ಪ್ರದರ್ಶನವಲ್ಲ.

ಗಾಳಿಯ ದಿಕ್ಕನ್ನು ಗಮನಿಸಲು ತಂದೆಯವರಿಗೆ ಹೇಳಿ. ಹಗಲಿನಲ್ಲಿ ನೆಲ ಕಡಲಿಗಿಂತ ಬೇಗ ಕಾಯುವುದರಿಂದ ಮಧ್ಯಾಹ್ನದ ಹೊತ್ತಿಗೆ ಗಾಳಿ ಕಡಲಿನಿಂದ ನೆಲಕ್ಕೆ ಬೀಸುತ್ತದೆ. ರಾತ್ರಿ ನೆಲ ತಣಿದ ಮೇಲೆ ಅದು ಹಿಂದುಮುಂದಾಗುತ್ತದೆ. ಹಾಯಿ ದೋಣಿಗಳ ಕಾಲದಲ್ಲಿ ನಸುಕಿನ ನೆಲಗಾಳಿಯಲ್ಲಿ ಹೊರಟು ಮಧ್ಯಾಹ್ನದ ಕಡಲಗಾಳಿಯಲ್ಲಿ ಮರಳುತ್ತಿದ್ದುದಕ್ಕೆ ಕಾರಣ ಇದೇ. ದೋಣಿಯಲ್ಲೊಂದು ಸುತ್ತು ಹೋಗುವ ಆಸೆಯಿದ್ದರೆ, ನೀರು ಸಮತಟ್ಟಾಗಿರುವ ಬೆಳಗಿನ ಹೊತ್ತನ್ನೇ ಆರಿಸಿಕೊಳ್ಳಿ, ಪ್ರತಿಯೊಬ್ಬರಿಗೂ ಜೀವರಕ್ಷಕ ಜಾಕೆಟ್ ಇರುವ ದೋಣಿಯನ್ನೇ ಏರಿ.

ನಡಿಗೆಯ ವಿಚಾರಕ್ಕೆ ಬಂದರೆ, ಇಳಿತದಲ್ಲಿ ನೀರಂಚಿನ ಒದ್ದೆ ಮರಳು ಅನೇಕ ತೀರಗಳಲ್ಲಿ ರಸ್ತೆಯಷ್ಟೇ ಗಟ್ಟಿಯಾಗಿರುತ್ತದೆ. ಕಷ್ಟವಿರುವುದು ರಸ್ತೆಗೂ ಆ ಒದ್ದೆ ಪಟ್ಟಿಗೂ ನಡುವಿನ ಸಡಿಲ ಮರಳಿನಲ್ಲಿ. ದೋಣಿಗಳನ್ನು ಎಳೆದು ತರುವ ಇಳಿಜಾರಿನ ದಾರಿಯಿದ್ದರೆ ಅಲ್ಲಿಂದ ಅವರನ್ನು ಕೈಹಿಡಿದು ಇಳಿಸಬಹುದು. ದೀಪಸ್ತಂಭದ ಮೆಟ್ಟಿಲುಗಳನ್ನು ಅವರು ಹತ್ತಲಾರರು, ಆದರೆ ಬುಡದವರೆಗೆ ವಾಹನ ಹೋದರೆ ಗುಡ್ಡದಿಂದ ಕಾಣುವ ನೋಟವೇ ಸಾಕು. ದಡದಲ್ಲಿ ನಿಂತವನ ಕಣ್ಣಿಗೆ ಕಡಲ ಅಂಚು ಸುಮಾರು 4.7 ಕಿಲೋಮೀಟರ್ ದೂರದಲ್ಲಿದ್ದರೆ, 30 ಮೀಟರ್ ಎತ್ತರಕ್ಕೆ ಏರಿದವನಿಗೆ ಅದು ಸುಮಾರು 20 ಕಿಲೋಮೀಟರ್ ಆಚೆಗೆ ಸರಿಯುತ್ತದೆ. ಕತ್ತಲಾದ ಮೇಲೆ ಆ ದೀಪ ಎಷ್ಟು ಸೆಕೆಂಡಿಗೊಮ್ಮೆ, ಎಷ್ಟು ಬಾರಿ ಮಿನುಗುತ್ತದೆ ಎಂದು ಮಕ್ಕಳು ತಾತನೊಡನೆ ಎಣಿಸಲಿ. ಒಂದು ದೀಪಸ್ತಂಭವನ್ನು ನೆರೆಯ ಇನ್ನೊಂದರಿಂದ ಬೇರ್ಪಡಿಸಿ ತಿಳಿಯುವುದಕ್ಕೆ ನಾವಿಕರಿಗಿರುವ ಗುರುತು ಆ ಎಣಿಕೆಯೇ. ಅದರ ಬೆಳಕು ದೂರ ಸಾಗುವಂತೆ ಗಾಜಿನ ಪಟ್ಟಕಗಳನ್ನು ವರ್ತುಲವಾಗಿ ಜೋಡಿಸುವ ಮಸೂರವನ್ನು ಫ್ರಾನ್ಸಿನ ಆಗಸ್ಟಿನ್ ಫ್ರೆನೆಲ್ ರೂಪಿಸಿ, 1823ರಲ್ಲಿ ಕೋರ್ದುವಾನ್ ದೀಪಸ್ತಂಭದಲ್ಲಿ ಮೊದಲ ಬಾರಿಗೆ ಬೆಳಗಿಸಿದರು.

ನಿಧಾನ

ಇಲ್ಲಿಯವರೆಗಿನ ಬರಹಗಳನ್ನು ಗೌರವದಿಂದಲೇ ಓದಿದ್ದೇನೆ, ಆದರೂ ಒಂದು ಮಾತಿಗೆ ನನ್ನ ಒಪ್ಪಿಗೆಯಿಲ್ಲ. ಕಡಲೂರಿಗೆ ಹೋಗುವುದು ಏನನ್ನೂ ಮಾಡದೆ ಇರುವುದಕ್ಕಾಗಿ. ವೇಳಾಪಟ್ಟಿ, ಎಣಿಕೆ, ಪಾಠ ಎಂದು ಮಕ್ಕಳನ್ನು ಮತ್ತೆ ಶಾಲೆಗೆ ಕಳುಹಿಸಿದಂತೆ ಮಾಡುವುದೇಕೆ? ಒಂದು ಪುಸ್ತಕ, ಒಂದು ಮರದ ನೆರಳು, ಅಲೆಯ ಸದ್ದು, ಸಂಜೆ ಮರಳಿನ ಮೇಲೆ ಕಟ್ಟುವ ಗೂಡು, ಇಷ್ಟರಿಂದಲೇ ನಾಲ್ಕು ದಿನಗಳು ತುಂಬುತ್ತವೆ. ಮಕ್ಕಳು ಒಂದಷ್ಟು ಚಿಪ್ಪು ಆರಿಸಿ ಚೀಲ ತುಂಬಿಕೊಂಡರೆ ಅದೇ ಅವರಿಗೆ ದೊಡ್ಡ ಸಂಭ್ರಮ.

ಭರತ ಇಳಿತ

ಸುಮ್ಮನಿರುವುದರ ಸುಖವನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ನೀರಿನ ವೇಳೆ ತಿಳಿದವರಿಗೆ ಸುಮ್ಮನೆ ಕೂರುವುದಕ್ಕೂ ಒಳ್ಳೆಯ ಹೊತ್ತು ದೊರಕುತ್ತದೆ. ತಿಳಿಯದವರು ಹಾಸಿದ ಚಾಪೆ ತೊಯ್ದ ಮೇಲೆ ಏಳುತ್ತಾರೆ. ನಡುಹಗಲಿನ ನಾಲ್ಕು ಗಂಟೆಗಳನ್ನು ಪೂರ್ತಿಯಾಗಿ ನೆರಳಿಗೂ ಪುಸ್ತಕಕ್ಕೂ ನಿದ್ದೆಗೂ ಬಿಡುವುದೇ ಸರಿ. ಆ ಹೊತ್ತಿನಲ್ಲಿ ಬಿಸಿಲು ಮೇಲಿನಿಂದ ಮಾತ್ರವಲ್ಲದೆ ಮರಳಿನಿಂದ ಮರುಹೊಳೆದು ಕೊಡೆಯ ಅಡಿಯಲ್ಲಿರುವವರನ್ನೂ ತಟ್ಟುತ್ತದೆ.

ಚಿಪ್ಪಿನ ವಿಷಯದಲ್ಲಿ ಮಾತ್ರ ನಾನು ಗಟ್ಟಿಯಾಗಿ ಭಿನ್ನ ಅಭಿಪ್ರಾಯ ಹೇಳುತ್ತೇನೆ. ಸನ್ಯಾಸಿ ಏಡಿಗೆ ಸ್ವಂತ ಚಿಪ್ಪಿಲ್ಲ. ಮೈ ಬೆಳೆದಂತೆಲ್ಲ ಅದು ಹೆಚ್ಚು ದೊಡ್ಡದಾದ ಖಾಲಿ ಚಿಪ್ಪನ್ನು ಹುಡುಕಿಕೊಳ್ಳಬೇಕು, ಸಿಗದಿದ್ದರೆ ಇಕ್ಕಟ್ಟಾದುದರಲ್ಲಿಯೇ ಉಳಿಯಬೇಕು. ಸುರುಳಿ ಚಿಪ್ಪುಗಳನ್ನು ನಾವು ಚೀಲಗಟ್ಟಲೆ ಒಯ್ದರೆ ಆ ಮನೆಗಳನ್ನೇ ಒಯ್ದಂತಾಗುತ್ತದೆ. ಮಕ್ಕಳು ಆರಿಸಲಿ, ಒದ್ದೆ ಮರಳಿನ ಮೇಲೆ ಸಾಲಾಗಿ ಜೋಡಿಸಲಿ, ಚಿತ್ರ ತೆಗೆಯಲಿ, ಬಳಿಕ ಅಲ್ಲಿಯೇ ಬಿಡಲಿ. ಅವರ ಕೈಗೆ ಒಂದು ಭೂತಗನ್ನಡಿಯನ್ನೂ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿದ ಅಯಸ್ಕಾಂತವನ್ನೂ ಕೊಟ್ಟು ನೋಡಿ. ಕಪ್ಪು ಗೆರೆಗಳಿರುವ ಮರಳಿನಲ್ಲಿ ಮ್ಯಾಗ್ನಟೈಟ್ ಎಂಬ ಕಬ್ಬಿಣದ ಖನಿಜ ಇದ್ದರೆ ಕಣಗಳು ಅಯಸ್ಕಾಂತಕ್ಕೆ ಹಾರಿ ಬರುತ್ತವೆ, ಚೀಲವನ್ನು ಬಿಚ್ಚಿದಾಗ ಉದುರಿಬೀಳುತ್ತವೆ. ಕನ್ನಡಿಯಲ್ಲಿ ನೋಡಿದರೆ ಗಾಜಿನಂತಿರುವುದು ಸ್ಫಟಿಕ ಶಿಲೆಯ ಚೂರು, ಸುಣ್ಣದ ಬಣ್ಣದ್ದು ಚಿಪ್ಪಿನದು ಅಥವಾ ಹವಳದ್ದು. ಇದನ್ನು ಪಾಠವೆನ್ನಬೇಕಾಗಿಲ್ಲ. ಮಕ್ಕಳು ತಾವಾಗಿಯೇ ಗಂಟೆಗಟ್ಟಲೆ ತೊಡಗಿಕೊಳ್ಳುತ್ತಾರೆ.

ಅಳಿವೆಯ ಹಕ್ಕಿ

ಅಳಿವೆಯನ್ನು ಯಾರೂ ಬಿಡಿಸಿ ಹೇಳಲಿಲ್ಲ. ಅಲ್ಲಿ ನೀರಿಗಿಳಿಯುವುದು ಅಪಾಯಕಾರಿ ಎಂಬುದು ನಿಜ, ಆದರೆ ದಂಡೆಯ ಮೇಲಿಂದ ನೋಡುವುದಕ್ಕೆ ಅದು ಊರಿನ ಅತ್ಯಂತ ಸಮೃದ್ಧ ಭಾಗ. ಇಳಿತದಲ್ಲಿ ಕೆಸರಿನ ಬಯಲು ತೆರೆದುಕೊಂಡೊಡನೆ ಉದ್ದ ಕೊಕ್ಕಿನ ದಡದ ಹಕ್ಕಿಗಳು ಹುಳುಗಳಿಗಾಗಿ ಹರಡಿಕೊಳ್ಳುತ್ತವೆ. ಭರತ ಏರಿದಂತೆ ಅವು ಕಿರಿದಾಗುತ್ತಿರುವ ಒಣನೆಲಕ್ಕೆ ಒತ್ತೊತ್ತಾಗಿ ಬಂದು ಸೇರುತ್ತವೆ. ಹತ್ತಿರದಿಂದ ನೋಡಬೇಕೆಂದಿದ್ದರೆ ಭರತಕ್ಕೆ ಎರಡು ಗಂಟೆ ಮೊದಲೇ ಹೋಗಿ ಒಂದೆಡೆ ಕೂತುಬಿಡಬೇಕು, ಆಗ ಹಕ್ಕಿಗಳೇ ನಿಮ್ಮತ್ತ ಬರುತ್ತವೆ. ತಂದೆಯವರಿಗೂ ಇದು ಕುಳಿತಲ್ಲಿಯೇ ಸಲ್ಲುವ ಸಂತೋಷ.

ಮಕ್ಕಳು ಹಿಂಡಿನತ್ತ ಓಡಿ ಹಾರಿಸುವುದನ್ನು ದಯವಿಟ್ಟು ತಡೆಯಿರಿ. 2022ರಲ್ಲಿ ಬಾರ್ ಟೇಲ್ಡ್ ಗಾಡ್‌ವಿಟ್ ಎಂಬ ಜಾತಿಯ ಒಂದು ಎಳೆಯ ಹಕ್ಕಿ ಅಲಾಸ್ಕಾದಿಂದ ಟಾಸ್ಮೇನಿಯಾಕ್ಕೆ 13,560 ಕಿಲೋಮೀಟರ್ ದೂರವನ್ನು ಎಲ್ಲಿಯೂ ಇಳಿಯದೆ ಹಾರಿದ್ದು ಉಪಗ್ರಹದ ಮೂಲಕ ದಾಖಲಾಗಿದೆ. ಅಂತಹ ಪಯಣದ ಕೊಬ್ಬು ಕೂಡುವುದು ಇಂಥ ಕೆಸರಿನಲ್ಲಿಯೇ, ಅದೂ ನೀರು ಇಳಿದಿರುವ ಕೆಲವೇ ಗಂಟೆಗಳಲ್ಲಿ. ಸುಮ್ಮನೆ ಹಾರಿಸಿದ ಪ್ರತಿ ಸಲವೂ ಅವುಗಳ ಆಹಾರದ ಹೊತ್ತು ಕಳೆಯುತ್ತದೆ.

ಅಳಿವೆಯ ಒಳಭಾಗದಲ್ಲಿ ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳಿದ್ದರೆ ಕೆಸರಿನಿಂದ ಮೇಲೆದ್ದ ಉಸಿರುಬೇರುಗಳನ್ನು ತೋರಿಸಿ. ಕೆಲವು ಜಾತಿಗಳು ಹೀರಿದ ಉಪ್ಪನ್ನು ಎಲೆಯ ಮೂಲಕ ಹೊರಹಾಕುವುದರಿಂದ ಒಣ ದಿನಗಳಲ್ಲಿ ಎಲೆಯ ಮೇಲೆ ಹರಳುಗಳು ಕಾಣುತ್ತವೆ.

ಪಯಣಿಗ

ಹಗಲು ತುಂಬಿತು. ಅಮಾವಾಸ್ಯೆಯ ಆಸುಪಾಸಿನ ಕತ್ತಲ ರಾತ್ರಿಗಳಲ್ಲಿ ಮಾಡುವಂಥದ್ದು ಏನಾದರೂ ಇದೆಯೇ? ಹವೆ ಕೆಟ್ಟು ಕೆಂಪು ಬಾವುಟ ಹಾರಿದರೆ ಏನು ಮಾಡುವುದು?

ಬಂಡೆಯಂಚು

ಕತ್ತಲೆಯೇ ನಿಮ್ಮ ಭಾಗ್ಯ. ಬೀದಿದೀಪಗಳಿಂದ ದೂರ ನಡೆದು, ಫೋನನ್ನು ಮುಟ್ಟದೆ ಇಪ್ಪತ್ತು ಮೂವತ್ತು ನಿಮಿಷ ನಿಂತರೆ ಕಣ್ಣು ಕತ್ತಲೆಗೆ ಹೊಂದಿಕೊಳ್ಳುತ್ತದೆ. ಆಗ ಆಕಾಶಗಂಗೆ ಕಾಣುತ್ತದೆ, ಮತ್ತು ಕೆಲವು ಋತುಗಳಲ್ಲಿ ಒಡೆಯುವ ಅಲೆಯ ಅಂಚು ನೀಲಿಯಾಗಿ ಹೊಳೆಯುವುದೂ ಕಾಣಬಹುದು. ನಾಕ್ಟಿಲ್ಯೂಕದಂತಹ ಏಕಕೋಶ ಜೀವಿಗಳು ನೀರು ಕದಡಿದಾಗ ಹೊರಸೂಸುವ ಬೆಳಕು ಅದು. ಯಾವ ರಾತ್ರಿ ಕಾಣುವುದೆಂದು ಯಾರೂ ಮಾತು ಕೊಡಲಾರರು, ಆದರೆ ಬೆಳದಿಂಗಳಿಲ್ಲದ ರಾತ್ರಿಯಲ್ಲಿಯೇ ಅದನ್ನು ಹುಡುಕಬೇಕು.

ಆ ತೀರ ಕಡಲಾಮೆಗಳು ಮೊಟ್ಟೆಯಿಡುವ ಜಾಗವಾಗಿದ್ದರೆ ಟಾರ್ಚ್ ಬೆಳಗಿಸಬೇಡಿ. ಸುಮಾರು 45ರಿಂದ 60 ದಿನಗಳ ಬಳಿಕ ಮೊಟ್ಟೆಯೊಡೆದು ಬರುವ ಮರಿಗಳು ಬೆಳಕು ಹೆಚ್ಚಿರುವ ದಿಕ್ಕೇ ಕಡಲೆಂದು ನಂಬಿ ಸಾಗುತ್ತವೆ, ಮನುಷ್ಯರ ದೀಪ ಅವನ್ನು ರಸ್ತೆಯತ್ತ ತಿರುಗಿಸುತ್ತದೆ. ಸಂಜೆ ಮರಳಿನಲ್ಲಿ ತೋಡಿದ ಗುಂಡಿಗಳನ್ನು ಮುಚ್ಚಿಯೇ ಹೊರಡಬೇಕು; ಮೊಟ್ಟೆಯಿಡಲು ಬರುವ ತಾಯಾಮೆಯೂ ಅದರಲ್ಲಿ ಸಿಕ್ಕಿಕೊಳ್ಳುತ್ತದೆ.

ತೀರ ಕಾವಲು

ಕೆಂಪು ಬಾವುಟದ ದಿನ ಗುಡ್ಡದ ಮೇಲಿನಿಂದಲೋ ಕಿಟಕಿಯಿಂದಲೋ ಕಡಲನ್ನು ಅಳೆಯುವ ಕೆಲಸವನ್ನು ಮಕ್ಕಳಿಗೆ ವಹಿಸಿ. 1805ರಲ್ಲಿ ಫ್ರಾನ್ಸಿಸ್ ಬ್ಯೂಫೋರ್ಟ್ ಎಂಬ ನೌಕಾಧಿಕಾರಿ ಗಾಳಿಗೆ 0ಯಿಂದ 12ರವರೆಗೆ ಅಂಕಗಳನ್ನು ಕೊಡುವ ಕ್ರಮವನ್ನು ರೂಪಿಸಿದರು. ಇಂದಿನ ರೂಪದಲ್ಲಿ ಕಡಲಿನ ಮುಖವನ್ನು ನೋಡಿಯೇ ಅಂಕ ಕೊಡಬಹುದು: ಗಾಜಿನಂತಿದ್ದರೆ 0, ಅಲ್ಲಲ್ಲಿ ಬಿಳಿ ನೊರೆಯ ತಲೆ ಕಂಡರೆ 3, ಎಲ್ಲೆಡೆ ನೊರೆಯೇ ತುಂಬಿ ತುಂತುರು ಹಾರತೊಡಗಿದರೆ 6. ಅಲೆ ಒಡೆಯುವ ಜಾಗವೂ ಒಂದು ಲೆಕ್ಕವೇ. ನೀರಿನ ಆಳ ಅಲೆಯ ಎತ್ತರದ ಸುಮಾರು 1.3 ಪಟ್ಟಿಗೆ ಇಳಿದಲ್ಲಿ ಅಲೆ ಮುರಿದುಬೀಳುವುದರಿಂದ, ದೂರದಲ್ಲಿ ಎಳೆದ ಬಿಳಿ ಗೆರೆಗಳು ಕಣ್ಣಿಗೆ ಕಾಣದ ಮರಳ ದಿಬ್ಬಗಳನ್ನು ತೋರಿಸಿಕೊಡುತ್ತವೆ. ಬಿರುಗಾಳಿಯ ದಿನ ಅಲೆತಡೆಯ ಗೋಡೆಯ ಮೇಲೆ ಮಾತ್ರ ಯಾರೂ ನಡೆಯಬೇಡಿ. ಹತ್ತಾರು ಸಾಧಾರಣ ಅಲೆಗಳ ನಂತರ ಬರುವ ಒಂದು ದೊಡ್ಡ ಅಲೆ ಗೋಡೆಯನ್ನು ದಾಟುತ್ತದೆ. ಗೋಡೆ ಒಣಗಿ ಕಂಡರೂ ಅಲ್ಲಿನ ದೋಣಿಯವರು ಹೋಗಬಹುದೆಂದು ಹೇಳುವ ತನಕ ಕಾಯಿರಿ.